ಹಾಳೆಯ ಹಿಂಬದಿಗೆ ಬಿದ್ದ ಐದನೆಯ ಕಾರಣ

ಮೂವತ್ತನಾಲ್ಕು ವರ್ಷ ನಾನು ಇತಿಹಾಸ ಕಲಿಸಿದೆ. ಮೊದಲ ಹನ್ನೊಂದು ವರ್ಷ ಖಾನಾಪುರದ ಒಂದು ಪದವಿ ಕಾಲೇಜಿನಲ್ಲಿ, ಉಳಿದದ್ದು ಬೆಳಗಾವಿಯಲ್ಲಿ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ಸೇವಾ ಪುಸ್ತಕದಲ್ಲಿದೆ. ಆಸಕ್ತರು ಅಲ್ಲಿ ನೋಡಿಕೊಳ್ಳಲಿ. ಈ ವೃತ್ತಿಗೆ ಹೊಸದಾಗಿ ಬಂದಿರುವವರಿಗೆ ನಾನು ಹೇಳಬೇಕಾಗಿರುವುದು ಒಂದೇ ಪ್ರಶ್ನೆಯ ಕಥೆ, ಮತ್ತು ಅದಕ್ಕೆ ನಾನು ಸಿದ್ಧಪಡಿಸಿದ ಒಂದು ಹಾಳೆಯ ಉತ್ತರದ ಕಥೆ.

ಪ್ರಶ್ನೆ ಇದು: ೧೯೪೧ರ ಜೂನ್ ತಿಂಗಳಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ಏಕೆ ದಂಡೆತ್ತಿ ಹೋಯಿತು?

ಬಿ.ಎ. ಅಂತಿಮ ವರ್ಷದ ಪತ್ರಿಕೆಯಲ್ಲಿ ಹತ್ತು ಅಂಕಕ್ಕೆ ಮೇಲಿಂದ ಮೇಲೆ ಬರುತ್ತಿದ್ದ ಪ್ರಶ್ನೆ ಅದು. ಬರುತ್ತದೆಂದು ಗೊತ್ತಿದ್ದ ಕಾರಣಕ್ಕೇ ಯಾರೂ ಅದರ ಬಗ್ಗೆ ಯೋಚಿಸುತ್ತಿರಲಿಲ್ಲ. ನಾನೂ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದವಳು ಬೇರೊಬ್ಬಳು. ಅವಳಿಗೆ ನಾನು ಮಾಡಿದ ಅವಮಾನವನ್ನು ಮೊದಲು ದಾಖಲಿಸುತ್ತೇನೆ. ನನಗೆ ಆದ ಅವಮಾನಗಳ ಪಟ್ಟಿ ನನ್ನಲ್ಲಿ ಸದಾ ಸಿದ್ಧವಿರುತ್ತದೆ. ಈ ಒಂದನ್ನು ಆ ಪಟ್ಟಿಯ ಎದುರು ಪುಟದಲ್ಲಿ ಬರೆದುಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು.

ಖಾನಾಪುರಕ್ಕೆ ಸೇರಿದ ಎರಡನೆಯ ವರ್ಷ ನಾನು ಯುರೋಪಿನ ನಕ್ಷೆಯೊಂದನ್ನು ಕೈಯಾರೆ ಬಿಡಿಸಿದೆ. ಕಾಲೇಜಿನಲ್ಲಿದ್ದ ನಕ್ಷೆಯನ್ನು ಗೆದ್ದಲು ತಿಂದಿತ್ತು, ಪೋಲೆಂಡಿನಿಂದ ಆಚೆಗೆ ದೇಶಗಳೇ ಉಳಿದಿರಲಿಲ್ಲ. ರವಿವಾರ ಪೇಟೆಯಲ್ಲಿ ಬಿಳಿಯ ಬಟ್ಟೆ ತಂದು, ಒಂದು ತಿಂಗಳು ಕುಳಿತು ಗಡಿಗಳನ್ನೆಳೆದು, ಮೂರು ಕೆಂಪು ಬಾಣ ಹಾಕಿದೆ: ಉತ್ತರಕ್ಕೆ ಲೆನಿನ್‌ಗ್ರಾಡ್, ನಡುವೆ ಮಾಸ್ಕೋ, ದಕ್ಷಿಣಕ್ಕೆ ಉಕ್ರೇನ್. ಆಗಿನ ಪ್ರಾಚಾರ್ಯರು ದೇಸಾಯಿಯವರು. ಅವರು ಅದನ್ನು ಸ್ಟಾಫ್ ರೂಮಿನಲ್ಲಿ ಬಿಚ್ಚಿ ನೋಡಿ, ಎಲ್ಲರ ಎದುರಿಗೆ ಹೀಗೆಂದರು:

"ಇಟಗಿಯವರ, ಖಾನಾಪುರದಾಗ ಕುಂತು ಮಾಸ್ಕೋ ತನಾ ಬಾಣ ಬಿಟ್ಟೀರಲ್ಲ, ನೀವು ಇಲ್ಲೇ ಬಾಜೂಕಿನ ಲೋಂಡಾ ತನಾ ಆದ್ರೂ ಒಮ್ಮೆ ಹೋಗಿ ಬಂದೀರೇನು?"

ಎಲ್ಲರೂ ನಕ್ಕರು. ಮುಂದಿನ ವಾರ ಯಾರೋ ಅತಿಥಿಗಳು ಬಂದಾಗ ಮೇಜಿಗೆ ಹಾಸಲು ಬಟ್ಟೆ ಸಿಗಲಿಲ್ಲವೆಂದು ಆ ನಕ್ಷೆಯನ್ನೇ ಮಗುಚಿ ಹಾಸಿದರು. ಚಹಾ ಚೆಲ್ಲಿತು. ಅದರ ಕಲೆ ಮಾಸ್ಕೋದ ಪಶ್ಚಿಮಕ್ಕೆ ಕೊನೆಯವರೆಗೂ ಉಳಿಯಿತು. ಸೈನ್ಯ ಕೆಸರಿನಲ್ಲಿ ಸಿಕ್ಕಿಕೊಂಡದ್ದು ಇಲ್ಲೇ ಎಂದು ತೋರಿಸಲು ಮುಂದೆ ನನಗೆ ಅದು ಉಪಯೋಗಕ್ಕೆ ಬಂದಿತು, ನಿಜ. ಆದರೆ ಉಪಯೋಗಕ್ಕೆ ಬಂದ ಮಾತ್ರಕ್ಕೆ ಅದನ್ನು ನಾನು ಕ್ಷಮಿಸಿಲ್ಲ.

ಆ ನಕ್ಷೆಯನ್ನು ತೂಗುಹಾಕಿ ಪಾಠ ಮಾಡಿದ ದಿನ ನಾನು ಹೆಮ್ಮೆಯಿಂದ ಬೀಗುತ್ತಿದ್ದೆ. ಬೋರ್ಡಿನ ಮೇಲೆ ನಾಲ್ಕು ಕಾರಣ ಬರೆದಿದ್ದೆ. ಒಂದು, ಯುರೋಪ್ ಖಂಡದಲ್ಲಿ ಬ್ರಿಟನ್ನಿಗೆ ಉಳಿದಿದ್ದ ಕೊನೆಯ ಆಸೆಯನ್ನು ಚಿವುಟುವುದು. ಎರಡು, ಉಕ್ರೇನಿನ ಗೋಧಿ. ಮೂರು, ಕಾಕಸಸ್ ಸೀಮೆಯ ಎಣ್ಣೆ. ನಾಲ್ಕು, ಸೋವಿಯತ್ ಸೈನ್ಯ ಬಲಗೊಳ್ಳುವ ಮೊದಲೇ ಹೊಡೆದುಬಿಡುವ ಆತುರ. ಬರೆದು, ಕೈಯ ಸೀಮೆಸುಣ್ಣ ಒರೆಸಿಕೊಳ್ಳುವಷ್ಟರಲ್ಲಿ ಮೂರನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

ಅವಳ ಹೆಸರು ಸುರೇಖಾ. ಜಾಂಬೋಟಿ ಕಡೆಯ ಕಾಡಂಚಿನ ಗವಳಿ ಮನೆತನದವಳು. ಎಮ್ಮೆ ಸಾಕುವುದು, ಹಾಲು, ಬೆಣ್ಣೆ, ಖವಾ ಮಾರುವುದು ಅವರ ಕಸುಬು. ಮನೆಮಾತು ಮರಾಠಿ, ಓದಿದ್ದು ಕನ್ನಡ.

"ಸರ್, ಒಂದು ಕೇಳ್ಲೇನ್ರಿ?"

"ಕೇಳು."

"ಹೋದ ವಾರ ನೀವೇ ಹೇಳಿದ್ರಿ, ಇಬ್ಬರೂ ಹೊಡದಾಡೂದಿಲ್ಲಂತ ಕರಾರ ಮಾಡಿಕೊಂಡಿದ್ರು, ರಷ್ಯಾದಿಂದ ಗೋಧಿ, ಎಣ್ಣಿ ಎಲ್ಲಾ ರೈಲಿನ್ಯಾಗ ಜರ್ಮನಿಗೆ ಹೋಗತಿತ್ತು ಅಂತ. ಖರೇ ಏನ್ರಿ?"

"ಖರೇ."

"ಎಲ್ಲಿತನಾ ಹೋಗತಿತ್ರಿ?"

"ದಾಳಿ ಆದ ದಿವಸ ನಸಕಿನ ತನಾ. ಅತ್ತಾಗಿಂದ ಗೋಧಿ ಗಾಡಿ ಗಡಿ ದಾಟಿ ಬಂತು, ಇತ್ತಾಗಿಂದ ಸೈನ್ಯ ದಾಟಿ ಹೋತು."

"ಮತ್ತ ಗೋಧಿ ಸಲುವಾಗಿ ಯುದ್ಧ ಅಂತ ಹೆಂಗ್ ಬರಿಯೂಣ್ರಿ? ನಮ್ಮ ಮನಿಗೆ ದಿನಾ ಹಾಲು ಒಯ್ಯಾಕ ಬರೋರು ಅದಾರ. ರೇಟಿಗೆ ಜಗಳಾ ತಗೀತಾರ, ಹಾಲಿಗೆ ನೀರ ಹಾಕೀರಿ ಅಂತಾರ, ಒಯ್ತಾರ. ಆದ್ರ ಹಾಲು ಬೇಕಾದವ್ರು ಹಾಲು ಕೊಡೋರ ಗುಡಿಸಲಕ್ಕ ಬೆಂಕಿ ಹಚ್ಚತಾರೇನ್ರಿ? ಹಚ್ಚಿದ್ರಂದ್ರ, ಅವರಿಗೆ ಬೇಕಾಗಿದ್ದು ಹಾಲಲ್ಲ, ಬ್ಯಾರೆ ಏನೋ ಐತಿ."

ಹಿಂದಿನಿಂದ ಒಬ್ಬ ಹುಡುಗ, "ಎಮ್ಮಿ ಕಾಯೋರಿಗೆ ಮಾಸ್ಕೋದಾಗೂ ಎಮ್ಮಿನ ಕಾಣ್ತಾವ ನೋಡ್ರಿ," ಎಂದ. ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ಸ್ಟಾಫ್ ರೂಮಿನ ನಗುವನ್ನು ಅಂದಿಗೆ ಸರಿಯಾಗಿ ಇಪ್ಪತ್ತಮೂರು ದಿನ ಎದೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ ನಾನೇ ನಕ್ಕೆ. ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವುದು ಆ ವಯಸ್ಸಿನಲ್ಲಿ ನನ್ನಿಂದ ಸಾಧ್ಯವಿರಲಿಲ್ಲ.

"ಪರೀಕ್ಷಾಕ್ಕ ಬರಲಾರದ್ದು ಕೇಳಿ ಎಲ್ಲಾರ ಟಾಯಮ್ ಹಾಳ ಮಾಡತೀ. ಪೀರಿಯಡ್ ಮುಗಿಯೋ ತನಾ ಹಂಗ ನಿಂದ್ರು," ಎಂದೆ.

ಅವಳು ನಿಂತಳು. ಮೂವತ್ತೈದು ನಿಮಿಷ. ನೋಟ್‌ಬುಕ್ಕನ್ನು ಎಡಗೈಯ ಅಂಗೈ ಮೇಲಿಟ್ಟುಕೊಂಡು, ನಾನು ಬರೆಸಿದ ನಾಲ್ಕು ಕಾರಣಗಳನ್ನೂ ನಿಂತೇ ಬರೆದುಕೊಂಡಳು. ಬೆಲ್ ಹೊಡೆದ ಮೇಲೂ ನಾನು ಹೊರಗೆ ಹೋಗುವವರೆಗೆ ಕೂರಲಿಲ್ಲ.

ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಸಂಜೆ ಬೆಳಗಾವಿಗೆ ಮರಳಲು ಖಾನಾಪುರ ಸ್ಟೇಷನ್ನಿನಲ್ಲಿ ಕಾಯುವಾಗ ಗೂಡ್ಸ್ ಗಾಡಿಗಳು ಒಂದರ ಹಿಂದೊಂದು ದಾಟಿ ಹೋಗುತ್ತಿದ್ದವು. ಮುಚ್ಚಿದ ಡಬ್ಬಿಗಳನ್ನು ಎಣಿಸುತ್ತ ನಿಲ್ಲುತ್ತಿದ್ದೆ. ಬಾಗಿಲಿಗೇ ಬರುತ್ತಿದ್ದ ಗೋಧಿಯನ್ನು ಬಿಟ್ಟು, ಅದನ್ನು ಬೆಳೆಯುವವನ ಮನೆಗೆ ಬೆಂಕಿ ಹಚ್ಚಲು ಮೂವತ್ತು ಲಕ್ಷ ಸೈನಿಕರನ್ನು ಕಳಿಸುವವನಿಗೆ ನಿಜವಾಗಿ ಏನು ಬೇಕಾಗಿರುತ್ತದೆ?

ಎರಡು ಬೇಸಿಗೆ ರಜೆಗಳನ್ನು ಧಾರವಾಡದ ಗ್ರಂಥಾಲಯದಲ್ಲಿ ಕಳೆದೆ. ತಿಳಿದುಕೊಂಡದ್ದನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ನೀವು ನಾಳೆ ಕಲಿಸಬೇಕು. ಮೇಲಿನ ನಾಲ್ಕು ಕಾರಣಗಳೂ ಸುಳ್ಳಲ್ಲ. ಬ್ರಿಟನ್ ಮಣಿದಿರಲಿಲ್ಲ, ಎಣ್ಣೆಯಿಲ್ಲದೆ ದೀರ್ಘ ಯುದ್ಧ ನಡೆಯದು, ಫಿನ್ಲೆಂಡಿನಂಥ ಸಣ್ಣ ದೇಶದೆದುರು ಸೋವಿಯತ್ ಸೈನ್ಯ ಏದುಸಿರು ಬಿಟ್ಟದ್ದನ್ನು ಕಂಡು, ಚಳಿಗಾಲದೊಳಗೆ ಕೆಲಸ ಮುಗಿಯುತ್ತದೆಂದು ಜರ್ಮನ್ ಸೇನಾಧಿಕಾರಿಗಳು ನಂಬಿದ್ದರು. ಕೊಟ್ಟವರ ಹಂಗಿನಲ್ಲಿ ಬದುಕುವುದು, ಅವರು ಯಾವಾಗ ಕೈ ಬಿಗಿಹಿಡಿಯುತ್ತಾರೋ ಎಂದು ಅಂಜುವುದು, ಇದೂ ಇತ್ತು. ಇವೆಲ್ಲ ಯುದ್ಧತಂತ್ರದ ಕಾರಣಗಳು. ಆದರೆ ಜರ್ಮನಿಯ ಸರ್ವಾಧಿಕಾರಿ ಅಧಿಕಾರಕ್ಕೆ ಬರುವ ಎಷ್ಟೋ ವರ್ಷ ಮೊದಲೇ, ಬ್ರಿಟನ್ನಿನೊಂದಿಗೆ ಯುದ್ಧವೇ ಇಲ್ಲದಿದ್ದಾಗಲೇ, ತನ್ನ ಜನಾಂಗಕ್ಕೆ ವಾಸಿಸಲು ಜಾಗ ಪೂರ್ವದಲ್ಲಿದೆ ಎಂದು ಬರೆದಿದ್ದ. ಅಲ್ಲಿ ಈಗಾಗಲೇ ವಾಸವಾಗಿದ್ದವರು ಅವನ ದೃಷ್ಟಿಯಲ್ಲಿ ಕೀಳು ಜನ. ಯಹೂದಿಗಳನ್ನೂ ಕಮ್ಯುನಿಸ್ಟರನ್ನೂ ಒಂದೇ ಶತ್ರುವಿನ ಎರಡು ಮುಖವೆಂದು ಅವನು ತಿಳಿದಿದ್ದ. ಸೈನ್ಯ ಗಡಿ ದಾಟುವ ಮೊದಲೇ, ಅಲ್ಲಿಯ ಧಾನ್ಯವನ್ನೆಲ್ಲ ಸೈನ್ಯಕ್ಕೂ ಜರ್ಮನಿಗೂ ಸಾಗಿಸಿದರೆ ಅಲ್ಲಿಯ ಜನ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಹಸಿದು ಸಾಯುತ್ತಾರೆಂದು ಅಧಿಕಾರಿಗಳು ಕಾಗದದ ಮೇಲೆ ಬರೆದಿಟ್ಟಿದ್ದರು. ಎಚ್ಚರಿಕೆಯಾಗಿ ಬರೆದದ್ದಲ್ಲ. ಯೋಜನೆಯಾಗಿ ಬರೆದದ್ದು.

ಗೋಧಿಯನ್ನು ಕೊಳ್ಳಬಹುದು. ಬೆಳೆದವರೇ ಇಲ್ಲದ ಹೊಲವನ್ನು ಕೊಳ್ಳಲಾಗದು. ಅವನಿಗೆ ಬೇಕಾಗಿದ್ದುದು ಅದು. ಈ ಐದನೆಯ ಕಾರಣವನ್ನು ತೆಗೆದುಬಿಟ್ಟರೆ ಉಳಿದ ನಾಲ್ಕು ಒಂದು ಸಾಮಾನ್ಯ ಯುದ್ಧದ ಕಾರಣಗಳಾಗುತ್ತವೆ. ನಡೆದದ್ದು ಸಾಮಾನ್ಯ ಯುದ್ಧವಾಗಿರಲಿಲ್ಲ.

ಇಷ್ಟನ್ನು ತಿಳಿಯುವಷ್ಟರಲ್ಲಿ ಸುರೇಖಾ ಪಾಸಾಗಿ ಕಾಲೇಜು ಬಿಟ್ಟಿದ್ದಳು. ನಾಲ್ಕು ಕಾರಣಗಳನ್ನು ಬರೆದೇ ಪಾಸಾಗಿದ್ದಳು.

ಆಗ ಸೈಕ್ಲೋಸ್ಟೈಲ್ ಕಾಲ. ಮೇಣ ಹಚ್ಚಿದ ಸ್ಟೆನ್ಸಿಲ್ ಹಾಳೆಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದು ಬರೆಯಬೇಕು, ಮಷಿನ್ನಿಗೆ ಹಾಕಿ ತಿರುಗಿಸಬೇಕು. ತಪ್ಪಿದರೆ ಒರೆಸಲು ಬಾರದು, ಹಾಳೆಯೇ ಹೋಯಿತು. ನಾನು ಮೂರು ದಿನ ಕುಳಿತು ಕೊರೆದೆ. ಮೇಲೆ ಶೀರ್ಷಿಕೆ. ಅದರ ಕೆಳಗೆ ದಪ್ಪಕ್ಷರದಲ್ಲಿ ನನ್ನ ಹೆಸರು. ಅದರ ಕೆಳಗೆ ಎಂ.ಎ., ಪ್ರಥಮ ದರ್ಜೆ. ಅದರ ಕೆಳಗೆ ಹುದ್ದೆ, ಕಾಲೇಜು, ಊರು. ಕೊನೆಗೆ "ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ" ಎಂಬ ಸಾಲು, ಅಡಿಗೆರೆ ಸಹಿತ. ಆಮೇಲೆ ನಾಲ್ಕು ಕಾರಣಗಳು. ಐದನೆಯದಕ್ಕೆ ಬರುವಷ್ಟರಲ್ಲಿ ಹಾಳೆ ಮುಗಿಯಿತು. ಇನ್ನೊಂದು ಸ್ಟೆನ್ಸಿಲ್ ತೆಗೆದುಕೊಂಡು ಐದನೆಯದನ್ನು ಪ್ರತ್ಯೇಕವಾಗಿ ಕೊರೆದು, ಅದೇ ಕಾಗದದ ಹಿಂಬದಿಗೆ ಅಚ್ಚು ಹಾಕಿಸಿದೆ. ಪುಟದ ಕೆಳಗೆ "ಹಿಂದೆ ನೋಡಿ" ಎಂದು ಬರೆಯಬೇಕೆಂದು ಹೊಳೆಯಲಿಲ್ಲ. ಇತಿಹಾಸದ ಮಾಸ್ತರನಿಗೆ ಅದು ಹೊಳೆಯಲಿಲ್ಲ ಎಂಬುದನ್ನು ಗಮನಿಸಬೇಕು.

ಆ ಹಾಳೆ ಬಹಳ ದೂರ ಹೋಯಿತು. ಖಾನಾಪುರದಿಂದ ಬೆಳಗಾವಿಗೆ, ಬೆಳಗಾವಿಯಿಂದ ಇತರ ಕಾಲೇಜುಗಳಿಗೆ. ನಾನು ಬೆಳಗಾವಿಗೆ ವರ್ಗವಾಗಿ ಬಂದ ಮೇಲೆ ಝೆರಾಕ್ಸ್ ಅಂಗಡಿಗಳು ಬಂದವು. ಒಂದು ದಿನ ಒಂದು ಅಂಗಡಿಯ ಕಟ್ಟೆಯ ಮೇಲೆ ನನ್ನದೇ ಕೈಬರಹದ ಪ್ರತಿಗಳ ರಾಶಿ ಕಂಡೆ. ನನ್ನ ಹೆಸರಿದ್ದ ಭಾಗದ ಮೇಲೆ ಬಿಳಿ ಕಾಗದವಿಟ್ಟು ಪ್ರತಿ ತೆಗೆದಿದ್ದರು. ಅಲ್ಲಿ ಖಾಲಿ ಜಾಗ ಮಾತ್ರ ಇತ್ತು.

"ಇದು ಯಾರು ಬರದದ್ದು?" ಎಂದು ಕೇಳಿದೆ.

"ಯಾರೋ ಗೊತ್ತಿಲ್ಲರೀ ಸರ್. ಭಾಳ ಹಳೇ ನೋಟ್ಸ್, ಗ್ಯಾರಂಟಿ ಮಾರ್ಕ್ಸ್ ಅಂತಾರ ಹುಡುಗೋರು. ನಿಮ್ಮ ಮಗನಿಗೆ ಬೇಕೇನ್ರಿ? ಒಂದಽ ಮಗ್ಗಲ ಐತಿ, ಸಸ್ತಾ ಬೀಳತೈತಿ."

ಒಂದೇ ಮಗ್ಗಲು ಎಂದು ಅವನು ಬಾಯಿಬಿಟ್ಟು ಹೇಳಿದ. ನನ್ನ ಕಿವಿಗೆ ಬಿದ್ದಿತು, ತಲೆಗೆ ಹೋಗಲಿಲ್ಲ. ತಲೆಯ ತುಂಬ ಆ ಖಾಲಿ ಜಾಗವೇ ಇತ್ತು. ನಾನೇ ಬರೆದದ್ದನ್ನು ಕೊಂಡುಕೊಂಡು ಮನೆಗೆ ತಂದು, ಕಳ್ಳತನದ ಸಾಕ್ಷಿಯೆಂದು ಕಡತದಲ್ಲಿ ಜೋಡಿಸಿಟ್ಟೆ. ಮಗುಚಿ ನೋಡಲಿಲ್ಲ.

ಇನ್ನು ಮೌಲ್ಯಮಾಪನ ಶಿಬಿರದ ವಿಷಯ. ಉತ್ತರಪತ್ರಿಕೆಗಳನ್ನು ತಿದ್ದಲು, ಆ ಝೆರಾಕ್ಸ್ ಕಂಡ ಕೆಲವು ವರ್ಷಗಳ ಮೇಲೆ, ಬೆಳಗಾವಿಯಲ್ಲೇ ಒಂದು ದೊಡ್ಡ ಸಭಾಂಗಣದಲ್ಲಿ ನಲವತ್ತು ಜನ ಕುಳಿತಿದ್ದೆವು. ಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ, ಗುಪ್ತ ಸಂಖ್ಯೆ ಇರುತ್ತದೆ. ಯಾವ ಉತ್ತರಕ್ಕೆ ಎಷ್ಟು ಅಂಕವೆಂದು ಮುದ್ರಿತ ಮಾದರಿ ಉತ್ತರ ಕೊಡುತ್ತಾರೆ. ಮೊದಲ ದಿನ ಅದನ್ನು ಕೈಗೆತ್ತಿಕೊಂಡು ಓದಿದೆ. ಹತ್ತು ಅಂಕದ ಆ ಪ್ರಶ್ನೆಯ ಕೆಳಗೆ ಇದ್ದುದು ನನ್ನ ವಾಕ್ಯಗಳು. "ಕೊನೆಯ ಆಸೆಯನ್ನು ಚಿವುಟುವುದು" ಎಂಬ ಮಾತು ನನ್ನದಲ್ಲದೆ ಬೇರೆ ಯಾರದು? ಎರಡು ದಿನ ನಾನು ಹಲ್ಲು ಕಚ್ಚಿಕೊಂಡು, ನನ್ನ ಹೆಸರಿಲ್ಲದ ನನ್ನ ಉತ್ತರವನ್ನಿಟ್ಟುಕೊಂಡು, ಊಟಕ್ಕೆ ಕುಳಿತಾಗಲೂ ಯಾರೊಂದಿಗೂ ಮಾತನಾಡದೆ ಪತ್ರಿಕೆ ತಿದ್ದಿದೆ.

ಮೂರನೆಯ ದಿನ ಒಂದು ಪತ್ರಿಕೆ ಬಂತು. ಅಕ್ಷರ ಸೊಟ್ಟ, ಕಾಗುಣಿತದ ತಪ್ಪು ಬೇಕಾದಷ್ಟು. ಆ ಪ್ರಶ್ನೆಗೆ ಬರೆದದ್ದು ಒಂದೂವರೆ ಪುಟ. ಗೋಧಿ ಎಣ್ಣೆಗಳ ಹೆಸರನ್ನು ಒಂದು ಸಾಲಿನಲ್ಲಿ ಹೇಳಿ, ಅವು ಮೊದಲೇ ಸಿಗುತ್ತಿದ್ದವು, ಆದ್ದರಿಂದ ಅದೇ ಮುಖ್ಯ ಕಾರಣವಾಗಲಾರದು ಎಂದು ವಾದಿಸಿ, ಉಳಿದದ್ದೆಲ್ಲ ಜನಾಂಗ ದ್ವೇಷದ ಬಗ್ಗೆ, ನೆಲದಿಂದ ಜನರನ್ನು ಅಳಿಸುವ ವಿಚಾರದ ಬಗ್ಗೆ. ನಾನು ಹತ್ತಕ್ಕೆ ಏಳು ಕೊಟ್ಟೆ. ಒಟ್ಟು ಮೂವತ್ತೈದಾಯಿತು, ಪಾಸು.

ನಮ್ಮ ಮೇಜಿನ ಮೇಲ್ವಿಚಾರಕರು ಬಡಿಗೇರ ಎಂಬವರು. ನನಗಿಂತ ಆರು ವರ್ಷ ಕಿರಿಯರು, ನನಗಿಂತ ಮೊದಲು ಆ ಕುರ್ಚಿಗೆ ಬಂದವರು. ಅವರು ಪತ್ರಿಕೆಯನ್ನು ಪರಿಶೀಲಿಸಿ, ಏಳನ್ನು ಹೊಡೆದು ಒಂದು ಎಂದು ಬರೆದರು. ಒಟ್ಟು ಇಪ್ಪತ್ತೊಂಬತ್ತಾಯಿತು.

"ಬಡಿಗೇರ ಸರ್, ಇದು ಯಾವ ನ್ಯಾಯ?" ಎಂದು ನಾನು ಎದ್ದೆ.

"ನ್ಯಾಯ ನಾ ಮಾಡಾಕ ಬಂದಿಲ್ರಿ ಸರ್, ತಿದ್ದಾಕ ಬಂದೀನಿ. ಮಾದರಿ ಉತ್ತರದಾಗ ನಾಲ್ಕು ಕಾರಣ ಅದಾವ. ಈ ಪುಣ್ಯಾತ್ಮ ಬರದದ್ದು ನಾಲ್ಕರಾಗ ಯಾವುದೈತಿ, ಬೆಟ್ಟು ಮಾಡಿ ತೋರಸ್ರಿ."

"ಇದು ಐದನೇದು. ನಾಲ್ಕಕ್ಕಿಂತ ದೊಡ್ಡದು."

"ಹಂಗಂತ ಎಲ್ಲೈತಿ?"

"ಇತಿಹಾಸದಾಗ ಐತಿ."

ಸುತ್ತಲಿನ ಪೆನ್ನುಗಳು ನಿಂತವು. ಬಡಿಗೇರರು ಮಾದರಿ ಉತ್ತರದ ಕಾಗದವನ್ನು ನನ್ನ ಮುಖದೆದುರು ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದರು: "ಇಟಗಿ ಸರ್, ಇದನ್ನ ಯಾರು ಬರದಾರೋ ನನಗ ಗೊತ್ತಿಲ್ಲ. ಆದ್ರ ಬರದಾಂವ ನಿಮಗಿಂತ ತಿಳದಾಂವ ಇದ್ದಾನ್ರಿ."

"ಬರದಾಂವ ನಾನ!" ಎಂದೆ.

ಎಲ್ಲೋ ಒಂದು ಕಿಸಕ್ ನಗು. ಬಡಿಗೇರರು ನಗಲಿಲ್ಲ. "ಹಂಗಂದ್ರ ನಿಮ್ಮ ಉತ್ತರದಾಗ ಇಲ್ಲದ್ದಕ್ಕ ಏಳು ಮಾರ್ಕ್ಸ್ ಯಾಕ ಕೇಳತೀರಿ?" ಎಂದರು.

ನನ್ನ ಬಳಿ ಉತ್ತರವಿತ್ತು, ಶಿವಬಸವ ನಗರದ ನನ್ನ ಮನೆಯಲ್ಲಿ. ಮಧ್ಯಾಹ್ನದ ಬಿಡುವಿನಲ್ಲಿ ಆಟೋ ಹಿಡಿದು ಹೋಗಿ, ಊಟ ಬಿಟ್ಟು, ಟ್ರಂಕಿನ ತಳದಿಂದ ಸೈಕ್ಲೋಸ್ಟೈಲ್ ಮಾಡಿದ ಮೂಲ ಹಾಳೆಯನ್ನು ತೆಗೆದು, ಪಕ್ಕದಲ್ಲೇ ಇದ್ದ ಕಡತದಿಂದ ಝೆರಾಕ್ಸ್ ಪ್ರತಿಯನ್ನೂ ತೆಗೆದೆ. ಎರಡನ್ನೂ ಮಗುಚಿದೆ. ಒಂದರ ಹಿಂದೆ ಐದನೆಯ ಕಾರಣ ತುಂಬಿತ್ತು. ಇನ್ನೊಂದರ ಹಿಂದೆ ಏನೂ ಇರಲಿಲ್ಲ. ಹೆಸರು ಹೋದದ್ದನ್ನು ಅಷ್ಟು ವರ್ಷ ಎಣಿಸಿದ ನಾನು, ಉತ್ತರದ ಜೀವವೇ ಹೋದದ್ದನ್ನು ಆಗ ಕಂಡೆ.

ಶಿಬಿರಕ್ಕೆ ಮರಳಿ ಬಡಿಗೇರರ ಕೈಗೆ ಹಾಳೆಯನ್ನು ಕೊಟ್ಟೆ. ಅವರು ಮುಂದಿನದನ್ನು ಓದಿದರು, ಹಿಂದಿನದನ್ನು ಓದಿದರು, ಮತ್ತೆ ಮುಂದೆ ತಿರುಗಿಸಿದರು.

"ಹಿಂದಿಂದು ಖರೇನ ಛೊಲೋ ಬರದೀರಿ ಸರ್. ಆದ್ರ ಒಂದು ಕೇಳತೀನಿ, ಸಿಟ್ಟಾಗಬ್ಯಾಡ್ರಿ."

"ಕೇಳ್ರಿ."

"ಹೆಸರಿಗೆ, ಡಿಗ್ರಿಗೆ, ಹಕ್ಕಿಗೆ ಅಂತ ಇಷ್ಟು ಜಾಗಾ ಬಳಸೀರಿ. ಅದೊಂದು ಸಣ್ಣದು ಮಾಡಿದ್ರ ಇದು ಮುಂದ ಹಿಡೀತಿತ್ತಲ್ಲ?"

ನನ್ನ ಜೀವನದಲ್ಲಿ ನನಗಾದ ಅವಮಾನಗಳಲ್ಲಿ ಇದು ಅತ್ಯಂತ ದೊಡ್ಡದು. ಉಳಿದವಕ್ಕೆಲ್ಲ ನನ್ನ ಬಳಿ ಪ್ರತ್ಯುತ್ತರವಿದೆ. ಇದಕ್ಕೆ ಇಲ್ಲ.

ಬಡಿಗೇರರ ಬಗ್ಗೆ ಅನ್ಯಾಯವಾಗಿ ಬರೆಯಲಾರೆ. ಅವರು ನನ್ನನ್ನು ಕರೆದುಕೊಂಡು ಮುಖ್ಯ ಮೌಲ್ಯಮಾಪಕರಲ್ಲಿಗೆ ಹೋದರು. ಐದನೆಯ ಕಾರಣಕ್ಕೂ ಅಂಕ ಕೊಡಬಹುದೆಂದು ಮುಖ್ಯರು ಒಂದು ಸಾಲು ಬರೆದು ರುಜು ಹಾಕಿದರು. ಬಡಿಗೇರರೇ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ಹೇಳಿದರು. ಆ ಪತ್ರಿಕೆ ಮತ್ತೆ ಮೂವತ್ತೈದಾಯಿತು. ಅದನ್ನು ಬರೆದವರು ಯಾರೋ, ಎಲ್ಲಿಯವರೋ, ನನಗೆ ಎಂದೂ ತಿಳಿಯುವುದಿಲ್ಲ. ಆದರೆ ಮೊದಲೆರಡು ದಿನದ ಕಟ್ಟುಗಳು ಮೊಹರು ಬಿದ್ದು ಹೋಗಿಬಿಟ್ಟಿದ್ದವು. ಅವುಗಳಲ್ಲಿ ಅಂಥ ಉತ್ತರಗಳು ಇದ್ದವೇ? ಎಷ್ಟಿದ್ದವು? ನನ್ನ ಕೈಯಿಂದಲೇ ಒಂದು ಅಂಕ ಪಡೆದು ಹೋದವು ಇದ್ದವೇ? ನೆನಪಿನ ಶಕ್ತಿಯ ಬಗ್ಗೆ ಅಭಿಮಾನ ಪಡುವ ನನಗೆ ಆ ಎರಡು ದಿನಗಳ ಒಂದು ಉತ್ತರವೂ ನೆನಪಿಲ್ಲ. ಆಗ ನಾನು ಓದುತ್ತಿರಲೇ ಇಲ್ಲ. ನನ್ನ ಹೆಸರನ್ನು ಹುಡುಕುತ್ತಿದ್ದೆ.

ಆ ನಂತರ ನಾನು ನೋಟ್ಸ್ ಕೊಡುವುದನ್ನು ನಿಲ್ಲಿಸಿದೆ. ಪ್ರತಿ ಪಾಠದ ಕೊನೆಗೆ ಒಂದು ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಉತ್ತರವನ್ನು ಅವರಿಂದಲೇ ಬರೆಸುತ್ತಿದ್ದೆ. ಪಾಲಕರು ದೂರಿದರು. ಪಾಠ ಮಾಡಲು ಉದಾಸೀನ ತೋರುತ್ತಿದ್ದೀರೆಂದು ಮೇಲಿನವರಿಂದ ಎರಡು ಸಲ ಲಿಖಿತ ಎಚ್ಚರಿಕೆ ಬಂತು. ಎರಡೂ ನನ್ನ ಕಡತದಲ್ಲಿವೆ. ಅವುಗಳನ್ನು ಮಾತ್ರ ನಾನು ಅವಮಾನವೆಂದು ಎಣಿಸುವುದಿಲ್ಲ.

ಕಳೆದ ವರ್ಷ ಗಿರಿಜಾ ಎಂಬ ತರುಣಿ ನಮ್ಮ ಮನೆಗೆ ಬಂದಳು. ನಾನು ವೃತ್ತಿ ಆರಂಭಿಸಿದ ಖಾನಾಪುರದ ಅದೇ ಕಾಲೇಜಿಗೆ ಇತಿಹಾಸ ಕಲಿಸಲು ಹೊಸದಾಗಿ ಸೇರಿದ್ದಳು. ಮೊಬೈಲಿನಲ್ಲಿ ನೋಟ್ಸ್ ತೋರಿಸಿ, ಇದು ಸಾಕೇ ಎಂದು ಕೇಳಿದಳು. ನಾಲ್ಕು ಕಾರಣಗಳು, ಈಗ ಕಂಪ್ಯೂಟರಿನ ಅಕ್ಷರಗಳಲ್ಲಿ. "ಕೊನೆಯ ಆಸೆಯನ್ನು ಚಿವುಟುವುದು" ಹಾಗೆಯೇ ಇತ್ತು. ಪರದೆಯ ಮೇಲಿನ ಪುಟಕ್ಕೆ ಮಗುಚಿ ನೋಡಲು ಹಿಂದಿನ ಮಗ್ಗಲೂ ಇರುವುದಿಲ್ಲ. ನಾನು ಮೂಲ ಹಾಳೆ ತೆಗೆದು ಕೊಟ್ಟು, ಇಲ್ಲಿಯವರೆಗೆ ನಿಮಗೆ ಹೇಳಿದ್ದನ್ನೆಲ್ಲ, ಸುರೇಖಾಳ ಹಾಲಿನ ಪ್ರಶ್ನೆಯಿಂದ ಬಡಿಗೇರರ ಮಾತಿನವರೆಗೆ, ಅವಳಿಗೆ ಹೇಳಿದೆ. ಹೆಸರು ಕಿತ್ತುಹಾಕಿದವರ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಿದೆನೆಂದು ತೋರುತ್ತದೆ.

ಅವಳು ಹಾಳೆಯ ಎರಡೂ ಬದಿಗಳನ್ನು ಓದಿದಳು. ಆಮೇಲೆ ಸಹಜವಾಗಿ, ಟೀಕಿಸುವ ಉದ್ದೇಶವಿಲ್ಲದೆ ಕೇಳಿದಳು:

"ಸರ್, ಆ ಪ್ರಶ್ನಿ ಕೇಳಿದಾಕಿ ಹೆಸರು ಇದರಾಗ ಎಲ್ಲೈತ್ರಿ?"

ನಾನು ಹಾಳೆಯನ್ನು ತಿರುಗಿಸಿ ನೋಡಿದೆ. ಇಲ್ಲವೆಂದು ಗೊತ್ತಿದ್ದೂ ನೋಡಿದೆ.

ಅವಳು ಹೋದ ಮೇಲೆ ಹೊಸ ಹಾಳೆ ತೆಗೆದುಕೊಂಡು ಬರೆಯಲು ಕುಳಿತೆ. ತಲೆಬರಹದ ಜಾಗದಲ್ಲಿ ಸುರೇಖಾಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಬರೆದೆ, ಹಾಲು ಗುಡಿಸಲು ಬೆಂಕಿ ಎಲ್ಲ ಸಹಿತ. ಕೆಳಗೆ ಅವಳ ಹೆಸರು, ಕೇಳಿದ ವರ್ಷ. ಅದರ ಕೆಳಗೆ ಐದನೆಯದು ಮೊದಲನೆಯದಾಗಿ. ಉಳಿದ ನಾಲ್ಕು ಅದರ ಕೆಳಗೆ. ನನ್ನ ಹೆಸರು ಬರೆಯಲಿಲ್ಲ. ಬರೆಯಬೇಕೆನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಗಿರಿಜಾಳೇ ವಿಚಾರಿಸಿ ತಿಳಿಸಿದಳು: ಸುರೇಖಾ ಖಾನಾಪುರದಲ್ಲಿ ಅಂಗನವಾಡಿ ಮೇಲ್ವಿಚಾರಕಿ, ನಿವೃತ್ತಿಗೆ ಇನ್ನೂ ಸಮಯವಿದೆ. ಒಂದು ಬುಧವಾರ ಬಸ್ಸು ಹತ್ತಿ ಹೋದೆ. ಸಣ್ಣ ಕಚೇರಿ, ಗೋಡೆಗೆ ಮಕ್ಕಳ ತೂಕದ ಪಟ್ಟಿ, ಮೇಜಿನ ಬಾಜು ಪೌಷ್ಟಿಕ ಹಿಟ್ಟಿನ ಚೀಲಗಳು. ಕೂದಲು ನರೆತ ಹೆಂಗಸು ಕನ್ನಡಕದ ಮೇಲಿನಿಂದ ನೋಡಿ ತಟ್ಟನೆ ಎದ್ದಳು.

"ಅಯ್ಯ, ಇಟಗಿ ಸರ್! ಬರ್ರಿ ಬರ್ರಿ, ಕುಂದರ್ರಿ."

"ಕುಂದರೂದು ಆಮ್ಯಾಲ. ಮೊದಲು ಇದನ್ನ ಓದವಾ."

"ನಿಂತು ಯಾಕ್ರಿ? ವಯಸ್ಸಾದವ್ರು..."

"ನೀ ಓದಿ ಮುಗಸೂ ತನಾ ನಿಂತಿರತೀನಿ."

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಅವಳಿಗೂ ನೆನಪಿತ್ತು, ಅದು ಮುಖದ ಮೇಲೆ ಕಂಡಿತು. ಮತ್ತೆ ಒತ್ತಾಯಿಸಲಿಲ್ಲ. ಕುಳಿತು, ಬೆರಳಿಟ್ಟು, ಮೇಲಿನ ಪ್ರಶ್ನೆಯನ್ನು ಎರಡು ಸಲ ಓದಿದಳು. ತನ್ನ ಹೆಸರಿನ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೆಳಕ್ಕೆ ಸಾಗಿತು. ಹೊರಗೆ ಮಕ್ಕಳು ಮರಾಠಿಯಲ್ಲಿ ಮಗ್ಗಿ ಹೇಳುತ್ತಿದ್ದರು. ನನ್ನ ಮೊಣಕಾಲು ನೋಯುತ್ತಿತ್ತು. ಮೂವತ್ತೈದು ನಿಮಿಷವೇನೂ ಆಗಲಿಲ್ಲ, ಹತ್ತೂ ಆಗಿರಲಾರದು.

ಮುಂದಿನ ಬದಿ ಮುಗಿದ ಮೇಲೆ ಅವಳು ಹಾಳೆಯನ್ನು ಮಗುಚಿದಳು. ಹಿಂದೆ ಖಾಲಿ. ಆದರೂ ಮಗುಚಿ ನೋಡಿದಳು.

"ಇಷ್ಟಽ ಏನ್ರಿ?"

"ಇಷ್ಟಽ. ಈ ಸಲ ಎಲ್ಲಾ ಮುಂದಽ ಹಿಡಸೀನಿ."

"ಉತ್ತರಾ ಬರೋಬರಿ ಐತ್ರಿ, ಸರ್," ಎಂದಳು ಸುರೇಖಾ, ಕನ್ನಡಕ ತೆಗೆಯುತ್ತ. "ಭಾಳ ಲೇಟ್ ಆತು ಖರೆ." ಕುರ್ಚಿಯನ್ನು ನನ್ನ ಕಡೆಗೆ ಸರಿಸಿದಳು. "ಈಗ ಕುಂದರ್ರಿ."

ನಾನು ಕುಳಿತೆ.